ಅಯ್ಯನವರು ಪೀಣ್ಯಕ್ಕೆ ಬಂದ ದಿನ

ಮೊನ್ನೆ ಮಂಡಿನೋವಿಗೆ ಸ್ಕ್ಯಾನ್ ಮಾಡಿಸಲು ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನ ಗಡಿಯಾರ, ಬೆಲ್ಟು, ಕನ್ನಡಕ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಟ್ರೇಗೆ ಹಾಕಿಸಿಕೊಂಡಳು. ಕೊನೆಗೆ ನನ್ನ ಎದೆಯ ಕಡೆ ಕೈ ತೋರಿಸಿ, "ಸಾರ್, ಅದೂ ತೆಗೀಬೇಕು" ಅಂದಳು. ಅದು ಅಂದರೆ ಕರಡಿಗೆ. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿಯ ಪುಟ್ಟ ಭರಣಿ. ಕೈಯಲ್ಲಿ ಮುಚ್ಚಿಟ್ಟುಕೊಳ್ಳುತ್ತೇನಮ್ಮ ಅಂದೆ. "ಲೋಹ ಯಾವುದೂ ಒಳಗೆ ಬಿಡಲ್ಲ ಸಾರ್" ಅಂದಳು. ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟೆ. "ಅರ್ಧ ಗಂಟೆಗೆ ಯಾಕ್ರೀ ಇಷ್ಟು ಮುಖ ಸಣ್ಣ ಮಾಡ್ಕೊಂಡಿದೀರ, ನಾನೇನು ಕಳೀತೀನಾ?" ಅಂದಳು. ಕಳೆಯುವವನು ನಾನು ಎಂದು ಅವಳಿಗೆ ಇಷ್ಟು ವರ್ಷ ಹೇಳಿಲ್ಲ.

ಆ ಯಂತ್ರದ ಕೊಳವೆಯೊಳಗೆ ಮಲಗಿದರೆ ಬರುವ ಸದ್ದು ಕೇಳಿದವರಿಗೇ ಗೊತ್ತು. ಟಕಟಕಟಕ, ಆಮೇಲೆ ಗುಂಯ್, ಮತ್ತೆ ಟಕಟಕ. ಎಷ್ಟೋ ಜನ ಹೆದರಿ ಎದ್ದು ಬರುತ್ತಾರಂತೆ. ನನಗೆ ಅದು ಥೇಟ್ ತೊಂಬತ್ತರ ದಶಕದ ಪೀಣ್ಯದ ಹಾಗೆ ಕೇಳಿಸಿತು. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು, ಎದುರಿಗೆ ಗ್ರೈಂಡರು, ಹಿಂದೆ ಯಾರೋ ತಗಡು ಬಡಿಯುವವರು. ಕಣ್ಣು ಮುಚ್ಚಿಕೊಂಡೆ. ಎದೆಯ ಮೇಲೆ ಏನೂ ಇರಲಿಲ್ಲ. ಹೀಗೆ ಬರಿದಾದ ಎದೆ ಇಟ್ಟುಕೊಂಡು ಹಿಂದೊಮ್ಮೆ ಮೂರು ದಿನ ಓಡಾಡಿದ್ದು ನೆನಪಾಯಿತು. ಆ ನೆನಪಿನ ಹಿಂದೆಯೇ ನಮ್ಮೂರಿನ ಮಠದ ಅಯ್ಯನವರು ಬಂದರು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಎಂಟು ವರ್ಷ ಆಗುವ ಹೊತ್ತಿಗೆ ಗುರು ಬಂದು ದೀಕ್ಷೆ ಕೊಟ್ಟು ಲಿಂಗ ಕಟ್ಟುತ್ತಾರೆ. ಅದು ಆಮೇಲೆ ಮೈಯಿಂದ ಬೇರೆಯಾಗಬಾರದು. ಅಕಸ್ಮಾತ್ ಕಳೆದುಹೋದರೆ, ಅದು ಸಿಗುವ ತನಕ ಅಥವಾ ಗುರು ಬಂದು ಇನ್ನೊಂದು ಕಟ್ಟುವ ತನಕ ಬಾಯಿಗೆ ಏನೂ ಹಾಕುವ ಹಾಗಿಲ್ಲ. ನಮ್ಮಮ್ಮ ಇದನ್ನು ಎಷ್ಟು ಗಂಭೀರವಾಗಿ ಹೇಳುತ್ತಿದ್ದಳೆಂದರೆ, ಸ್ನಾನ ಮಾಡುವಾಗಲೂ ನಾನು ಒಂದು ಕೈಯಲ್ಲಿ ಕರಡಿಗೆ ಹಿಡಿದುಕೊಂಡೇ ಸೋಪು ಹಚ್ಚಿಕೊಳ್ಳುತ್ತಿದ್ದೆ. ಹೀಗಾಗಿ ಬಾಲ್ಯದಲ್ಲಿ ನನ್ನ ಎಡಗಡೆ ಅಷ್ಟೊಂದು ಸ್ವಚ್ಛ ಇರಲಿಲ್ಲ.

ನನಗೆ ಲಿಂಗ ಕಟ್ಟಿದವರು ಈ ಅಯ್ಯನವರೇ. ಹೊಸದುರ್ಗದ ಕಡೆಯ ಸಣ್ಣ ಹಳ್ಳಿ ನಮ್ಮದು. ಮಠವೆಂದರೆ ನೀವು ದೊಡ್ಡ ಕಟ್ಟಡ, ಕಾರು, ಭಕ್ತರ ಸಾಲು ನೆನೆಸಿಕೊಳ್ಳಬೇಡಿ. ಎರಡು ಅಂಕಣದ ಮಣ್ಣಿನ ಮನೆ, ಹಿತ್ತಲಲ್ಲಿ ಎರಡು ಹಸು, ಬಾಗಿಲಲ್ಲಿ ಬಿಲ್ವದ ಗಿಡ. ಬಣ್ಣ ಹೋದ ಕಾವಿ ಪಂಚೆ, ನಶ್ಯದ ಡಬ್ಬಿ, ಬಿರಿದ ಹಿಮ್ಮಡಿ. ಊರವರೆಲ್ಲ ಅವರನ್ನು "ಬುದ್ಧಿ" ಅಂತಲೇ ಕರೆಯುತ್ತಿದ್ದರು, ನಮ್ಮ ಕಡೆ ಸ್ವಾಮಿಗಳನ್ನು ಕರೆಯುವುದೇ ಹಾಗೆ. ದೀಕ್ಷೆಯ ದಿನ ಕಿವಿಯಲ್ಲಿ ಮಂತ್ರ ಹೇಳುವಾಗ ಅವರ ಮೀಸೆ ತಾಗಿ ನನಗೆ ಕಚಗುಳಿಯಾಯಿತು. ಕಿಸಕ್ಕನೆ ನಕ್ಕುಬಿಟ್ಟೆ. ಅಪ್ಪ ಕಣ್ಣು ಬಿಟ್ಟರು. ಅಯ್ಯನವರು ಮಂತ್ರ ನಿಲ್ಲಿಸಿ ತಾವೂ ನಕ್ಕರು. "ನಗ್ಲಿ ಬಿಡಿ ಮೇಷ್ಟ್ರೇ, ನಗ್ತಾ ಕೇಳುದ್ರೂ ಮಂತ್ರ ಕಿವಿಗೇ ಓಗುತ್ತೆ" ಅಂದರು.

ನನಗೆ ಧೈರ್ಯ ಬಂತು. "ಬುದ್ಧಿ, ಇದರೊಳಗೆ ಏನಿದೆ?" ಅಂತ ಕೇಳಿದೆ.

"ನಂಗೂ ಸರಿಯಾಗಿ ಗೊತ್ತಾಗಿಲ್ಲ ಕಣಪ್ಪ. ನೀನು ದಿನಾ ನೋಡ್ತಾ ಇರು. ಗೊತ್ತಾದ್ರೆ ನಂಗೂ ಬಂದು ಏಳು."

ಅಪ್ಪ ಶಾಲೆಯ ಮೇಷ್ಟ್ರು. ಮನೆಗೆ ಬಂದು ಅಮ್ಮನಿಗೆ, "ಅಯ್ಯನವರು ದೇವರಂಥ ಮನುಷ್ಯ, ಆದ್ರೆ ತಲೆ ಸ್ವಲ್ಪ ನಿಧಾನ" ಅಂದಿದ್ದು ನಾನು ಕೇಳಿಸಿಕೊಂಡೆ. ಊರಿನಲ್ಲೂ ಇದೇ ಅಭಿಪ್ರಾಯ. ಯಾರಾದರೂ ಜಗಳ ತೆಗೆದುಕೊಂಡು ಹೋದರೆ ಅಯ್ಯನವರು ಇಡೀ ದಿನ ಕೇಳಿ, ನಶ್ಯ ಏರಿಸಿ, "ನಾಳೆ ಏಳ್ತೀನಿ" ಅನ್ನುತ್ತಿದ್ದರು. ನಾಳೆಯ ಹೊತ್ತಿಗೆ ಜಗಳ ಆಡಿದವರಿಗೇ ಸಾಕಾಗಿರುತ್ತಿತ್ತು. ಅವರು ಓದಿದ್ದು ನಾಲ್ಕನೇ ಕ್ಲಾಸು. ನಾನು ಡಿಪ್ಲೊಮಾ ಮುಗಿಸಿದಾಗ ನನಗಂತೂ ನಮ್ಮೂರಿನಲ್ಲಿ ಬುದ್ಧಿವಂತ ಅಂತ ಇರುವವನು ನಾನೊಬ್ಬನೇ ಅನ್ನಿಸಿಬಿಟ್ಟಿತ್ತು.

ಆ ಬುದ್ಧಿವಂತನಿಗೆ ಪೀಣ್ಯದಲ್ಲಿ ಸಿಕ್ಕಿದ್ದು ಕಬ್ಬಿಣ ಕೆರೆಯುವ ಕೆಲಸ. ಅಮ್ಮ ಊರಲ್ಲಿ ಇಂಜಿನಿಯರು ಅಂತ ಹೇಳಿಕೊಂಡಿದ್ದಳು, ನಾನೂ ತಿದ್ದಲಿಲ್ಲ. ಯಂತ್ರದ ಭಾಗಗಳು ಸಮ ಇವೆಯೋ ಇಲ್ಲವೋ ನೋಡಲು ಒಂದು ಮಟ್ಟಸವಾದ ಎರಕದ ಹಲಗೆ ಬೇಕು. ಅದಕ್ಕೆ ಸರ್ಫೇಸ್ ಪ್ಲೇಟು ಅನ್ನುತ್ತಾರೆ. ಆ ಹಲಗೆಯನ್ನು ಮಟ್ಟ ಮಾಡುವುದು ಕೈಯಲ್ಲೇ. ಒಂದು ಹಲಗೆಗೆ ನೀಲಿ ಬಣ್ಣ ತೆಳ್ಳಗೆ ಸವರಿ ಇನ್ನೊಂದನ್ನು ಅದರ ಮೇಲೆ ಉಜ್ಜಬೇಕು. ಉಬ್ಬಿದ ಕಡೆ ನೀಲಿ ಹತ್ತುತ್ತದೆ. ಹತ್ತಿದ ಕಡೆ ಉಳಿಯಂಥ ಸ್ಕ್ರೇಪರಿನಿಂದ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಉಜ್ಜು, ಮತ್ತೆ ಕೆರೆ. ಒಂದು ಹಲಗೆಗೆ ವಾರಗಟ್ಟಲೆ. ದಾಸರಹಳ್ಳಿಯ ಬಾಡಿಗೆ ರೂಮಿಗೆ ಹೋಗುವಾಗ ನನ್ನ ಉಗುರೆಲ್ಲ ನೀಲಿ. ರೂಮಿನಲ್ಲಿ ನನ್ನ ಜೊತೆ ಇದ್ದವನು ಪಕ್ಕದ ಹಳ್ಳಿಯ ಗಂಗಣ್ಣ. ಅವನಿಗೆ ಬೇರೆ ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟು. ನನಗಿಂತ ನಾಲ್ಕು ವರ್ಷ ದೊಡ್ಡವನು, ಅಡುಗೆಯಲ್ಲೂ ಭಕ್ತಿಯಲ್ಲೂ ನನಗಿಂತ ಬಹಳ ಮುಂದೆ.

ನಮ್ಮ ಸೂಪರ್‌ವೈಸರ್ ರಾಮಮೂರ್ತಿ ಸಾರ್ ನನ್ನನ್ನು ಒಂದು ಭಾನುವಾರ ರಾಜಾಜಿನಗರದ ಕಲ್ಯಾಣ ಮಂಟಪಕ್ಕೆ ಪ್ರವಚನಕ್ಕೆ ಕರೆದುಕೊಂಡು ಹೋದರು. ಅಲ್ಲಿದ್ದ ಗುರೂಜಿ ಹಿಂದೆ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದರಂತೆ. ಗಡ್ಡವಿಲ್ಲ, ಬಿಳಿ ಜುಬ್ಬಾ, ಅರ್ಧ ಇಂಗ್ಲಿಷು. ನಿಜವಾದ ಬುದ್ಧಿ ಯಾವುದಕ್ಕೂ ಅಂಟಿಕೊಳ್ಳುವುದಿಲ್ಲ, ಅದು ಸುಮ್ಮನೆ ನೋಡುತ್ತಾ ಇರುತ್ತದೆ, ಅದು ಸಾಕ್ಷಿ ಅಂದರು. ಹೊರಗಿನ ಗುರುತುಗಳು ಹತ್ತುವ ತನಕ ಬೇಕಾಗುವ ಏಣಿ ಅಂದರು. ನಾನು ಮೂರೇ ಭಾನುವಾರದಲ್ಲಿ ಹತ್ತಿ ಮುಗಿಸಿದೆ. ಅವರು ತಪ್ಪು ಹೇಳಿದರು ಅಂತ ನಾನು ಈಗಲೂ ಹೇಳುವುದಿಲ್ಲ. ಆ ಮಾತುಗಳನ್ನು ನಾನು ತೆಗೆದುಕೊಂಡು ಹೋಗಿ ಎಲ್ಲಿ ಉಪಯೋಗಿಸಿದೆ ಅನ್ನುವುದೇ ತೊಂದರೆ.

ಆ ದೀಪಾವಳಿಗೆ ಊರಿಗೆ ಹೋದವನು ಮಠದ ಜಗಲಿಯ ಮೇಲೆ ಕೂತು ಅಯ್ಯನವರಿಗೆ ಸಾಕ್ಷಿಯ ವಿಚಾರ ಒಂದು ಗಂಟೆ ಉಪದೇಶ ಮಾಡಿದೆ. ಎದುರಿಗೆ ಕೂತು ಹಸುವಿಗೆ ಹಗ್ಗ ಹೊಸೆಯುತ್ತಾ ಎಲ್ಲ ಕೇಳಿದರು. ಮುಗಿದ ಮೇಲೆ, "ಚೆನ್ನಾಗಿ ಏಳ್ದೆ ಕಣಪ್ಪ. ಊಟ ಆಯ್ತಾ?" ಅಂದರು. ಇವರ ತಲೆಗೆ ಹೋಗಲಿಲ್ಲ ಅಂದುಕೊಂಡೆ.

ಬೆಂಗಳೂರಿಗೆ ಬಂದ ಮೇಲೆ ಕರಡಿಗೆಯನ್ನು ಕೆಲಸದ ಹೊತ್ತಿನಲ್ಲಿ ತೆಗೆದಿಡಲು ಶುರು ಮಾಡಿದೆ. ಬಗ್ಗಿ ಕೆರೆಯುವಾಗ ಅದು ಜೋತುಬಿದ್ದು ನೀಲಿಗೆ ತಾಗುತ್ತದೆ ಅನ್ನುವುದು ನೆಪ. ಬನಿಯನ್ನಿನೊಳಗೆ ಸಿಕ್ಕಿಸಿಕೊಂಡರೆ ಮುಗಿದಿತ್ತು, ನಮ್ಮಲ್ಲೇ ಇನ್ನಿಬ್ಬರು ಹಾಗೇ ಮಾಡುತ್ತಿದ್ದರು. ನನಗೆ ಅದು ಬೇಡವಾಗಿತ್ತು, ಅಷ್ಟೇ. ನಮ್ಮಂಥ ಟೂಲ್‌ರೂಮಿನವರಿಗೆ ಒಂದು ಅಭ್ಯಾಸ. ಬೆಲೆಬಾಳುವ ಯಾವ ಸಾಮಾನಾದರೂ ಗೀರು ಬೀಳದಿರಲಿ ಅಂತ ಬನಿಯನ್ ವೇಸ್ಟಿನಲ್ಲಿ, ಅಂದರೆ ಕೈ ಒರೆಸಲು ಕೊಡುವ ಹಳೆ ಬಟ್ಟೆಯ ಚೂರಿನಲ್ಲಿ ಸುತ್ತಿಡುತ್ತೇವೆ. ನಾನು ಲಿಂಗವನ್ನೂ ಹಾಗೇ ಸುತ್ತಿ ಡ್ರಾಯರಿನಲ್ಲಿ ಇಡುತ್ತಿದ್ದೆ. ಸಂಜೆ ಮರೆಯದೆ ಹಾಕಿಕೊಳ್ಳುತ್ತಿದ್ದವನು ಬರಬರುತ್ತಾ ಕೆಲವು ದಿನ ಅಲ್ಲೇ ಬಿಟ್ಟು ಹೋಗುತ್ತಿದ್ದೆ. ಒಂದು ಶನಿವಾರ ಸಂಜೆ ಡ್ರಾಯರುಗಳನ್ನು ಶುಚಿ ಮಾಡಿದವರು ಕೊಳಕು ಬಟ್ಟೆಯ ಉಂಡೆಗಳನ್ನೆಲ್ಲ ಬಾಚಿಕೊಂಡು ಹೋಗಿದ್ದರು. ಸೋಮವಾರ ಬೆಳಗ್ಗೆ ಎಳೆದು ನೋಡಿದರೆ ಡ್ರಾಯರು ಖಾಲಿ.

ಗುಜರಿಯ ರಾಶಿ ಅಷ್ಟೊತ್ತಿಗೆ ಲಾರಿ ಹತ್ತಿತ್ತು. ನನ್ನ ಸಾಕ್ಷಿ ಎಲ್ಲಿ ಹೋದನೋ ಕಾಣೆ. ಎಂಟು ವರ್ಷದ ಹುಡುಗನಂತೆ ರಾಶಿ ಇದ್ದ ಜಾಗವನ್ನು ಕೈಯಲ್ಲಿ ಕೆದಕಿ ನೋಡಿದೆ. ಆ ದಿನ ನಿಜವಾಗಿಯೂ ಏನೂ ಮುಟ್ಟಲಿಲ್ಲ. ಮಧ್ಯಾಹ್ನ ರೂಮಿಗೆ ಓಡಿ ಬಂದು, ಶಿಫ್ಟಿಗೆ ಹೊರಟಿದ್ದ ಗಂಗಣ್ಣನಿಗೆ ಹೇಳಿದೆ. ಹೇಳುವಾಗ ಮಾತ್ರ, ಕೆಲಸ ಮಾಡ್ತಿದ್ದಾಗ ದಾರ ಕಿತ್ತು ಹೋಗಿ ಎಲ್ಲೋ ಬಿದ್ದುಹೋಯ್ತು ಅಂದೆ.

"ಅಯ್ಯೋ ಶಿವನೇ! ಏನೂ ತಿಂದಿಲ್ಲ ತಾನೆ?"

"ನೀರೂ ಕುಡಿದಿಲ್ಲ ಕಣೋ."

"ತಡಿ, ಊರಿಗೆ ಫೋನ್ ಮಾಡ್ತೀನಿ. ಅಯ್ಯನವ್ರು ಬರ್ಲಿ" ಅಂದು ಜಾಲಹಳ್ಳಿ ಕ್ರಾಸಿನ ಎಸ್‌ಟಿಡಿ ಬೂತಿಗೆ ಹೋದ.

ಮಂಗಳವಾರ ಮಧ್ಯಾಹ್ನ ಕ್ಯಾಂಟೀನಿನಿಂದ ಸಾಂಬಾರಿನ ಘಮ ಬಂತು. ಅಲ್ಲಿಗೆ ಸರಿಯಾಗಿ ನನ್ನ ಸಾಕ್ಷಿಯೂ ವಾಪಸು ಬಂದ. ಹಸಿವು ದೇಹದ್ದು, ನೀನು ಬರೀ ನೋಡುವವನು ಅಂದ. ಸರಿ, ದೇಹ ಎರಡು ತಟ್ಟೆ ಅನ್ನ ಸಾಂಬಾರು ಉಂಡಿತು, ನಾನು ನೋಡಿದೆ. ಸಂಜೆ ಬೇಕರಿಯಲ್ಲಿ ಎರಡು ಬನ್ನು. ಬುಧವಾರ ಬೆಳಗ್ಗೆ ಬೋಂಡ, ಕಾಫಿ. ಗಂಗಣ್ಣನ ಎದುರು ಮಾತ್ರ ಗೋಡೆಗೆ ಒರಗಿ ಕಣ್ಣು ಅರ್ಧ ಮುಚ್ಚಿಕೊಂಡು ಕೂರುತ್ತಿದ್ದೆ. ಪಾಪ, ಅವನು ನನಗೆ ಕಾಣದ ಹಾಗೆ ಬಾಗಿಲ ಹಿಂದೆ ನಿಂತು ಉಣ್ಣುತ್ತಿದ್ದ. ಮೂರು ಮಾರು ಉದ್ದದ ಆ ರೂಮಿನಲ್ಲಿ ನಾನೊಬ್ಬ ಮಹಾತ್ಮ ಆಗಿಬಿಟ್ಟಿದ್ದೆ.

ಬುಧವಾರ ಹನ್ನೊಂದರ ಹೊತ್ತಿಗೆ ರಾಮಮೂರ್ತಿ ಸಾರ್ ನನ್ನ ಮೇಜಿನ ಹತ್ತಿರ ಬಂದರು. ಅವರ ಹಿಂದೆ ಅಯ್ಯನವರು. ಬಣ್ಣ ಹೋದ ಕಾವಿ, ಕಂಕುಳಲ್ಲಿ ಬಟ್ಟೆ ಗಂಟು. ಗೇಟಿನವರು ಗಂಗಣ್ಣನನ್ನು ಹೊರಗೇ ನಿಲ್ಲಿಸಿ ಇವರನ್ನು ಮಾತ್ರ ಕೈಮುಗಿದು ಒಳಗೆ ಬಿಟ್ಟಿದ್ದರು. ನಾನು ಕಾಲಿಗೆ ಬಿದ್ದೆ.

"ಏಳಪ್ಪ ಸಿದ್ದೇಸ. ಸೊರಗಿದೀಯ" ಅಂದು ಬೆನ್ನು ಸವರಿದರು. ನಾನು ಸೊರಗಿರಲಿಲ್ಲ.

ರಾಮಮೂರ್ತಿ ಸಾರ್‌ಗೆ ಸ್ವಾಮಿಗಳೆಂದರೆ ಭಕ್ತಿ. "ಸ್ವಾಮಿ, ಒಂದು ಲೋಟ ಕಾಫಿನಾದ್ರೂ ತಗೋಬೇಕು. ಸಿದ್ದೇಶ, ನಿಂಗೆ ಬೇಡ ಬಿಡು, ನೀನು ಈಗತಾನೆ ಬೋಂಡ ತಿಂದು ಕುಡಿದ್ಯಲ್ಲ" ಅಂದರು.

ಅಯ್ಯನವರ ಕಡೆ ನೋಡಿದೆ. ಅವರು ಬಗ್ಗಿ ನನ್ನ ಹಲಗೆಯ ನೀಲಿ ಚುಕ್ಕೆಗಳನ್ನು ನೋಡುತ್ತಿದ್ದರು. "ನಂದಿನ್ನೂ ಪೂಜೆ ಆಗಿಲ್ಲ ಸ್ವಾಮಿ, ಕಾಫಿ ಬ್ಯಾಡ" ಅಂದವರು ನನ್ನ ಕಡೆ ತಿರುಗಿ, "ಇದೇನಪ್ಪ ಇದು ಕೆಲ್ಸ?" ಅಂತ ಕೇಳಿದರು. ಯಂತ್ರಗಳ ಸದ್ದಿನಲ್ಲಿ ಅವರಿಗೆ ಕೇಳಿಸಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆ ಸಮಾಧಾನಕ್ಕೋ ಏನೋ ಬಹಳ ಉತ್ಸಾಹದಿಂದ ವಿವರಿಸಿದೆ. ಒಂದು ಹಲಗೆಯ ಮೇಲೆ ಇನ್ನೊಂದನ್ನು ಇಟ್ಟು, "ನೋಡಿ ಬುದ್ಧಿ, ಎಲ್ಲಾ ಕಡೆ ಕೂತಿದೆ. ಎರಡೂ ಒಂದಕ್ಕೊಂದು ಒಪ್ಪಿದ್ರೆ ಎರಡೂ ಮಟ್ಟ ಇವೆ ಅಂತ ಲೆಕ್ಕ" ಅಂದೆ.

ಅಯ್ಯನವರು ನಶ್ಯದ ಡಬ್ಬಿ ತೆಗೆದರು, ಏನನ್ನೋ ಯೋಚಿಸಿ ಮತ್ತೆ ಒಳಗಿಟ್ಟರು. "ಒಂದು ಒಸಿ ಉಬ್ಬಿದ್ದು, ಇನ್ನೊಂದು ಅಷ್ಟೇ ತಗ್ಗಿದ್ರೆ? ಆಗ್ಲೂ ಇಂಗೇ ಒಪ್ಕಂಡು ಕೂತ್ಕಳಲ್ವಾ?"

ರಾಮಮೂರ್ತಿ ಸಾರ್ ಬೆಪ್ಪಾಗಿ ನಿಂತರು. ಯಾಕೆಂದರೆ ವಿಷಯ ಅದೇ. ಅದಕ್ಕಾಗಿಯೇ ನಾವು ಯಾವಾಗಲೂ ಮೂರು ಹಲಗೆ ಮಾಡುತ್ತೇವೆ. ಮೂರನ್ನೂ ಅದಲುಬದಲು ಮಾಡಿ ಉಜ್ಜಿದಾಗಲೇ ಯಾವುದು ಉಬ್ಬಿದ್ದು, ಯಾವುದು ತಗ್ಗಿದ್ದು ಅಂತ ಹೊರಗೆ ಬರುವುದು. ನನಗೆ ಅದು ತಲೆಗೆ ಹೋಗಲು ಮೂರು ತಿಂಗಳು ಹಿಡಿದಿತ್ತು. ತೋರಿಸಿಕೊಳ್ಳುವ ಭರದಲ್ಲಿ ಈಗ ಮರೆತೇ ಹೋಗಿತ್ತು.

"ಎಲ್ಲಿ ಕಲಿತ್ರಿ ಸ್ವಾಮಿ ಇದನ್ನ?" ಅಂದರು ಸಾರ್, ಕೈ ಜೋಡಿಸಿಕೊಂಡು.

"ಕಲಿಯಾದೇನು? ಊರಾಗೆ ಗಂಡ ಎಂಡ್ತಿ ಜಗಳಕ್ಕೆ ನನ್ನ ಕೂರುಸ್ತಾರೆ. ಇಬ್ರೂ ಕಿತ್ತಾಡ್ತಿದ್ರೆ ಭಯ ಇಲ್ಲ. ಇಬ್ರೂ ಒಂದೇ ಮಾತು ಏಳಿದ್ರೆ ಮಾತ್ರ ಎದುರುಮನೆಯವರನ್ನ ಕರೆಸ್ತೀನಿ."

ಸಾರ್ ಗಟ್ಟಿಯಾಗಿ ನಕ್ಕು ನನಗೆ ಅರ್ಧ ದಿನ ರಜೆ ಕೊಟ್ಟರು.

ರೂಮಿಗೆ ಬಂದು ಸ್ನಾನ ಮಾಡಿ ಅಯ್ಯನವರ ಎದುರು ಕೂತೆ. ಹಣೆಗೆ, ತೋಳಿಗೆ ವಿಭೂತಿ ಹಚ್ಚಿದರು. ಹೊಸ ಲಿಂಗವನ್ನು ಗಂಟಿನಿಂದ ತೆಗೆದರು. ಅದನ್ನು ತರಲು ಮಂಗಳವಾರವೆಲ್ಲ ಹೊಸದುರ್ಗಕ್ಕೆ ಹೋಗಿ ಬಂದಿದ್ದರಂತೆ, ಅಮ್ಮನಿಗೆ ಯಾರೂ ಹೇಳಕೂಡದು ಅಂತ ಊರಲ್ಲಿ ಕಟ್ಟು ಮಾಡಿ ಬಂದಿದ್ದರಂತೆ. ಪೂಜೆ ಮುಗಿಸಿ, "ಎಂಗೆ ಓಯ್ತಪ್ಪ?" ಅಂತ ಕೇಳಿದರು. ಗಂಗಣ್ಣ ಸ್ಟೌವ್ ಹತ್ತಿರ ಇದ್ದ.

"ದಾರ ಕಿತ್ತೋಯ್ತು ಬುದ್ಧಿ."

"ಊಂ" ಅಂದರು. ಕಿವಿಯ ಹತ್ತಿರ ಬಾಗಿ ಮಂತ್ರ ಹೇಳಿದರು. ಮೀಸೆ ಅವತ್ತಿನ ಹಾಗೇ ತಾಗಿತು. ನನಗೆ ಅಳು ಬಂತು. ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ಅವರೆಕಾಯಿಯ ಕಾಲ ಅದು. ಗಂಗಣ್ಣ ಶಿಫ್ಟಿಗೆ ರಜೆ ಹಾಕಿ ಅವರೆಕಾಳಿನ ಸಾರು, ಮುದ್ದೆ ಮಾಡಿದ್ದ. ಮೂವರಿಗೂ ಎಲೆ ಹಾಕಿದ. "ಮೊದ್ಲು ಸಿದ್ದೇಸಂಗೆ ಬಡ್ಸು" ಅಂದರು ಅಯ್ಯನವರು. ಮೂರು ದಿನದ ಉಪವಾಸಿ ಅಂತ ಗಂಗಣ್ಣ ನನಗೆ ಎರಡು ದೊಡ್ಡ ಮುದ್ದೆ ಇಟ್ಟು, ಕೆರೆ ಕಟ್ಟಿದಂತೆ ಸಾರು ಬಡಿಸಿದ. ನಾಲ್ಕು ತುತ್ತು ನುಂಗಿದೆ. ಬೆಳಗಿನ ಬೋಂಡ ಇನ್ನೂ ಅಲ್ಲೇ ಇತ್ತು. ಐದನೆಯ ತುತ್ತು ಗಂಟಲಲ್ಲಿ ನಿಂತಿತು. ಹಸಿದವನು ಹೇಗೆ ಉಣ್ಣುತ್ತಾನೆ ಅಂತ ನೆನೆಸಿಕೊಂಡು ಬಾಯಿ ಆಡಿಸಿದೆ, ಆಗಲಿಲ್ಲ. ಗಂಗಣ್ಣ ಕೈ ನಿಲ್ಲಿಸಿ ನನ್ನನ್ನೇ ನೋಡಿದ. "ಯಾಕೋ, ಹಸಿವಿಲ್ವೇನೋ?" ಅಂದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಯ್ಯನವರು ಕೈ ಚಾಚಿದರು. ನನ್ನ ಎಲೆಯಲ್ಲಿದ್ದ ಮುದ್ದೆಯನ್ನು, ನಾನು ಮುರಿದು ಎಂಜಲು ಮಾಡಿದ್ದನ್ನೂ ಸೇರಿಸಿ, ಎತ್ತಿ ತಮ್ಮ ಎಲೆಗೆ ಹಾಕಿಕೊಂಡರು. "ಬರೀ ಒಟ್ಟೆಗೆ ಒಂದೇ ಸಲ ಇಷ್ಟು ಆಕಬಾರ್ದು ಕಣೋ ಗಂಗಣ್ಣ. ಕರುಳು ಇಡ್ಕತವೆ" ಅಂದರು.

ಗುರು ಉಂಡು ಉಳಿಸಿದ್ದನ್ನು ಶಿಷ್ಯ ಪ್ರಸಾದ ಅಂತ ತಿನ್ನುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಶಿಷ್ಯನ ಎಂಜಲನ್ನು ಗುರು ತಿಂದಿದ್ದನ್ನು ಅವತ್ತೊಂದು ದಿನ ನೋಡಿದೆ. ಗಂಗಣ್ಣ ಹೌಹಾರಿ, "ಬುದ್ಧಿ, ಬುದ್ಧಿ" ಅಂದ. ಅವರು ತಲೆ ಎತ್ತಲಿಲ್ಲ. ಒಂದು ಕಾಳೂ ಬಿಡದೆ ಉಂಡರು.

ಮೂರು ಗಂಟೆಯ ಬಸ್ಸಿಗೆ ಜಾಲಹಳ್ಳಿ ಕ್ರಾಸಿನಲ್ಲಿ ಹತ್ತಿಸಿದೆವು. ಬಸ್ಸು ಹೋದ ಮೇಲೆ ಗಂಗಣ್ಣ ಕಣ್ಣು ಒರೆಸಿಕೊಂಡ. "ಅವ್ರು ಬೇಡ ಅಂದಿದ್ರು, ಆದ್ರೂ ಹೇಳ್ತೀನಿ ಕಣೋ. ಸೋಮವಾರ ನಮ್ಮ ಫೋನು ಹೋದಾಗ ಊಟಕ್ಕೆ ಕೂತಿದ್ರಂತೆ. ಸುದ್ದಿ ಕೇಳಿ ಕೈಲಿದ್ದ ತುತ್ತು ಕೆಳಗಿಟ್ರಂತೆ. ಸಿದ್ದೇಸ ಉಪಾಸ ಇರುವಾಗ ನಂಗೆಂಗೆ ಇಳಿಯುತ್ತೆ ಅಂದ್ರಂತೆ. ಇವತ್ತು ನಿನ್ನ ಜೊತೆ ಉಂಡಿದ್ದೇ ಮೊದಲು. ಪೂಜೆ ತೀರ್ಥ ಬಿಟ್ರೆ ಮೂರು ದಿನದಿಂದ ಏನೂ ಇಲ್ಲ. ಬೆಳಗ್ಗೆ ರೂಮಿಗೆ ಬಂದಾಗ ಕಾಲು ನಡುಗ್ತಿದ್ವು."

ಎಪ್ಪತ್ತು ದಾಟಿದ ಮುದುಕ. ಎರಡು ತಟ್ಟೆ ಅನ್ನ, ಎರಡು ಬನ್ನು, ಬೋಂಡ, ಕಾಫಿ. ತುಮಕೂರು ರಸ್ತೆಯ ಬದಿಯಲ್ಲಿ, ಅವರೆಕಾಯಿ ಮಾರುವವರ ಮಧ್ಯೆ, ಲಾರಿಗಳ ಧೂಳಿನಲ್ಲಿ ನಿಂತು ನಾನು ಅತ್ತೆ. ಗಂಗಣ್ಣ ಅದನ್ನು ಗುರುಭಕ್ತಿ ಅಂತ ತಿಳಿದು ಹೆಗಲ ಮೇಲೆ ಕೈ ಹಾಕಿದ.

ಯುಗಾದಿಗೆ ಹೋದಾಗ ಹೇಳಿಬಿಡಬೇಕೆಂದೇ ಮಠಕ್ಕೆ ಹೋದೆ. ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. "ಬುದ್ಧಿ, ಅವತ್ತು ಪೀಣ್ಯದಲ್ಲಿ..." ಅಂತ ಶುರು ಮಾಡಿದೆ. "ಅಯ್ಯೋ, ಆ ಅವರೆಕಾಳಿನ ಸಾರು! ಗಂಗಣ್ಣನ ಕೈ ಚೆನ್ನಾಗೈತೆ ಕಣಪ್ಪ, ಅಂಥ ರುಚಿ ಈಚೆಗೆ ಕಂಡಿಲ್ಲ" ಅಂದರು. ಮತ್ತೆ ಬಾಯಿ ತೆರೆದೆ. ಹಸು ಬಿಚ್ಚಿಕೊಂಡಿತು ಅಂತ ಎದ್ದು ಹೋದರು. ಹಸು ಕಟ್ಟಿದ ಕಡೆಯೇ ಇತ್ತು. ಆ ಮಳೆಗಾಲದಲ್ಲಿ ಅವರು ಲಿಂಗೈಕ್ಯರಾದರು. ಸುದ್ದಿ ತಲುಪಿ ನಾನು ಊರು ಮುಟ್ಟುವ ಹೊತ್ತಿಗೆ ಮಣ್ಣು ಮುಚ್ಚಿ, ಮೇಲೆ ಬಿಲ್ವದ ಎಲೆ ಹಾಕಿ ಎಲ್ಲರೂ ಮನೆಗೆ ಹೋಗಿದ್ದರು.

ಆಮೇಲೆ ನಾನು ಬೇಕಾದಷ್ಟು ಗುರುಗಳ ಮಾತು ಕೇಳಿದ್ದೇನೆ. ಬುದ್ಧಿ ಅಂದರೆ ಏನು ಅಂತ ದೊಡ್ಡ ದೊಡ್ಡವರು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುವಾಗ ಮುಂದಿನ ಸಾಲಿನಲ್ಲೇ ಕೂತಿದ್ದೇನೆ. ಆದರೆ ಅಯ್ಯನವರ ಮೇಲೆ ನನಗೆ ಒಂದು ಕೋಪ ಉಳಿದಿದೆ, ಅದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ನಾನು ಬಾಯಿ ಬಿಡುವ ಮೊದಲೇ ಕ್ಷಮಿಸಿಬಿಟ್ಟರು. ಕೇಳುವ ಅವಕಾಶವನ್ನೇ ಕೊಡಲಿಲ್ಲ. ಅಂಥ ಮನುಷ್ಯ ಇನ್ನೊಂದು ದಿನ ಸಿಕ್ಕಿದ್ದರೆ, ಎದುರಿಗೆ ಕೂತು, ಬುದ್ಧಿ, ನಾನು ಉಂಡಿದ್ದೆ, ಮೂರು ಹೊತ್ತೂ ಉಂಡಿದ್ದೆ ಅಂತ ನನ್ನ ಬಾಯಿಂದಲೇ ಹೇಳಿ, ಅವರ ಕೈಯಿಂದ ಕೆನ್ನೆಗೆ ಒಂದು ಏಟು ತಿನ್ನಬೇಕಿತ್ತು.